ಸೀತಾರಾಮಪ್ಪನ ಐವತ್ತನಾಲ್ಕು ಪಾಯಿಂಟಿನ ವಿದ್ಯೆ

ಸೀತಾರಾಮಪ್ಪನ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ಕನ್ನಡಕ ಹಾಕಿರಲಿಲ್ಲ. ಇದು ಹಿಂದೂಪುರದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಏಕೆಂದರೆ ಸೀತಾರಾಮಪ್ಪ ಅದನ್ನು ಹೇಳದೆ ಯಾರನ್ನೂ ಬಿಟ್ಟಿರಲಿಲ್ಲ. ಆ ನಾಲ್ಕರಲ್ಲಿ ಮೊದಲ ಮೂರು ತಲೆಮಾರಿಗೆ ಓದು ಬರಹ ಬರುತ್ತಿರಲಿಲ್ಲ ಎಂಬುದೂ ಸಂಗತಿಯೇ. ಅದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಆರು ವರ್ಷದ ಹಿಂದೆ ಅವನ ಹೆಂಡತಿಯ ಅಣ್ಣ ಗಿರಿಯಪ್ಪ ಕನ್ನಡಕ ಹಾಕಿಸಿಕೊಂಡು ಯುಗಾದಿಯ ಊಟಕ್ಕೆ ಬಂದಾಗ, ಇಪ್ಪತ್ತು ಜನ ಕೂತಿದ್ದ ಪಂಕ್ತಿಯಲ್ಲಿ ಸೀತಾರಾಮಪ್ಪ ಕೇಳಿದ್ದ: “ಏನಪ್ಪಾ ಗಿರಿಯಪ್ಪ, ಮನೆಗೆ ಇಲ್ದಿದ್ದ ಕಿಟಕೀನ ಮುಖಕ್ಕೆ ಹಾಕಿಸ್ಕಂಡ್ಬುಟ್ಯಾ?” ಇಪ್ಪತ್ತು ಜನವೂ ನಕ್ಕರು. ಗಿರಿಯಪ್ಪ ಒಬ್ಬಟ್ಟು ಮುರಿದ. ಅಂದಿನಿಂದ ಅವನು ಸೀತಾರಾಮಪ್ಪನ ಕಣ್ಣು ಮಂಜಾಗುವ ದಿನಕ್ಕಾಗಿ ತಾಳ್ಮೆಯಿಂದ ಕಾಯುತ್ತಿದ್ದ.

ಆ ದಿನ ಬಂದು ಆಗಲೇ ಮೂರು ವರ್ಷ ಕಳೆದಿತ್ತು. ಸೀತಾರಾಮಪ್ಪ ಮೊದಲು ಪೇಪರನ್ನು ಒಂದು ಮೊಳ ದೂರ ಹಿಡಿದ, ಆಮೇಲೆ ಒಂದೂವರೆ ಮೊಳ. ತೋಳಿನ ಉದ್ದ ಮುಗಿದ ಮೇಲೆ ಪೇಪರಿನವರು ಮಸಿ ಕಡಿಮೆ ಹಾಕುತ್ತಿದ್ದಾರೆ ಎಂದು ಘೋಷಿಸಿ ಓದುವುದನ್ನೇ ಬಿಟ್ಟ. ರೇಷ್ಮೆ ಇಲಾಖೆಯ ಸ್ಟೋರಿನಲ್ಲಿ ಹದಿನೆಂಟು ವರ್ಷದಿಂದ ಸ್ಟೋರ್‌ಕೀಪರಾಗಿದ್ದರಿಂದ ಫಾರ್ಮಲಿನ್ ಡಬ್ಬವನ್ನು ಬಣ್ಣದಿಂದ, ಸುಣ್ಣದ ಚೀಲವನ್ನು ಮುಟ್ಟಿ ಗುರುತಿಸುತ್ತಿದ್ದ. ನೌಕರಿ ಹೀಗೇ ಇನ್ನು ಏಳು ವರ್ಷ ನಡೆದಿದ್ದರೆ ಈ ಕಥೆ ಇರುತ್ತಿರಲಿಲ್ಲ.

1997ರ ಜುಲೈ 14, ಸೋಮವಾರ, ಒಂದು ಸರ್ಕ್ಯುಲರ್ ಬಂತು. ಜಿಲ್ಲೆಯ ಸ್ಟೋರ್‌ಕೀಪರುಗಳೆಲ್ಲ ಹುಳು ಸಾಕಣೆಯ ಜ್ಞಾನವನ್ನೂ ಹೊಂದಿರತಕ್ಕದ್ದು. ಅದಕ್ಕಾಗಿ ಸೆಪ್ಟೆಂಬರ್ 18ರಂದು ಕಲ್ಯಾಣದುರ್ಗದಲ್ಲಿ ಪರೀಕ್ಷೆ. ಪಾಸಾದವರು ಇದ್ದಲ್ಲೇ ಇರಬಹುದು. ಫೇಲಾದವರಿಗೆ ಕಲ್ಯಾಣದುರ್ಗದ ಕಡೆ ವರ್ಗ. ಇಷ್ಟು ಮೊದಲ ಪುಟದಲ್ಲಿತ್ತು. ಗುಮಾಸ್ತರೊಬ್ಬರು ಗಟ್ಟಿಯಾಗಿ ಓದಿದರು. ಎರಡನೇ ಪುಟ ಓದುವ ಹೊತ್ತಿಗೆ ಕಾಫಿ ಬಂತು.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಶಿವಲಕ್ಷ್ಮಮ್ಮ ಹಿತ್ತಲ ಕೋಣೆಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಇಪ್ಪತ್ತು ವರ್ಷದಿಂದ ಹುಳು ಸಾಕುತ್ತಿದ್ದವಳು. ಒಂದು ಬೆಳೆಯೂ ಕೈಬಿಟ್ಟಿರಲಿಲ್ಲ.

“ನನ್ನ ಹುಳ ಬುಟ್ಟು ನಾನೆಲ್ಲಿಗೂ ಬರಾಕಿಲ್ಲ. ನೀನೇ ಹೋಗು,” ಅಂದಳು ತಲೆ ಎತ್ತದೆ. “ಹೋಟ್ಲಾಗೆ ಉಣ್ಣು.”

ಸೀತಾರಾಮಪ್ಪನ ಹೊಟ್ಟೆಗೆ ಹೋಟೆಲಿನ ಅಡುಗೆ ಸೋಡಾ ಆಗುತ್ತಿರಲಿಲ್ಲ. ಅವನು ಅಲ್ಲೇ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಗುಣಿಸಿದ. ನಿವೃತ್ತಿಗೆ ಏಳು ವರ್ಷ, ದಿನಕ್ಕೆರಡು ಊಟ: ಐದು ಸಾವಿರದ ನೂರ ಹತ್ತು. ನಡುವೆ ಬರುವ ಎರಡು ಅಧಿಕ ದಿನಗಳದ್ದು ಇನ್ನೂ ನಾಲ್ಕು. ಅಷ್ಟೂ ಊಟಕ್ಕೆ ಬೇಕಾದ ಸೋಡಾವನ್ನು ನೆನೆದು ಅವನಿಗೆ ನಿಂತಲ್ಲೇ ಹುಳಿತೇಗು ಬಂತು.

ಪರೀಕ್ಷೆಯಲ್ಲಿ ಕೇಳುವುದನ್ನೆಲ್ಲ ಬಲ್ಲವಳು ಮೂರು ಮಾರು ದೂರದಲ್ಲಿ ಸೊಪ್ಪು ಹಾಕುತ್ತಿದ್ದಳು. ಆದರೆ ಇಲಾಖೆಯವನು ರೈತರಿಗೆ ಹೇಳಬೇಕೇ ಹೊರತು ರೈತರನ್ನು ಕೇಳುವ ಪದ್ಧತಿ ಇಲ್ಲ. ಸೀತಾರಾಮಪ್ಪ ಪದ್ಧತಿಯ ಮನುಷ್ಯ. ಅವನು ಕೇಶವಯ್ಯನ ಹತ್ತಿರ ಹೋದ.

ಕೇಶವಯ್ಯ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದವರು. ಮುಂದಿನ ಹಾಲಿನಲ್ಲಿ ಹನ್ನೊಂದು ಟೈಪ್‌ರೈಟರು, ಹಿಂದಿನ ಕೋಣೆಯಲ್ಲಿ ಹಸಿರು ಪರದೆ, ಪರದೆಯ ಹಿಂದೆ ಒಂದು ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿ ಒಳಗೆ ಹೋಗಬೇಕು. ಬೆಂಗಳೂರಿನವರೊಬ್ಬರು ಬರೆದ ‘ಜ್ಞಾಪಕ’ ಎಂಬ ಪ್ರೋಗ್ರಾಮು ಆ ಕಂಪ್ಯೂಟರಿನಲ್ಲಿತ್ತು, ಮೊದಲ ಆವೃತ್ತಿ, 1.0. ಅದರ ಕೆಲಸ ಸರಳ. ತೆರೆಯ ಮೇಲೆ ಒಂದು ಚೀಟಿ ಬರುತ್ತದೆ, ಚೀಟಿಯಲ್ಲಿ ಪ್ರಶ್ನೆ. ಗುಂಡಿ ಒತ್ತಿದರೆ ಕೆಳಗೆ ಉತ್ತರ. ಉತ್ತರ ತನಗೆ ಗೊತ್ತಿತ್ತೆ ಇಲ್ಲವೆ ಎಂದು ಓದುವವನೇ ಇನ್ನೊಂದು ಗುಂಡಿ ಒತ್ತಿ ತಿಳಿಸಬೇಕು. ಗೊತ್ತಿಲ್ಲ ಎಂದರೆ ಅದೇ ಚೀಟಿ ಮತ್ತೆ ಮತ್ತೆ ಬಂದು ಕಾಡುತ್ತದೆ. ಗೊತ್ತು ಎಂದರೆ ನಾಲ್ಕು ದಿನ ಬಿಟ್ಟು, ಆಮೇಲೆ ಹತ್ತು ದಿನ ಬಿಟ್ಟು, ಆಮೇಲೆ ತಿಂಗಳು ಬಿಟ್ಟು ಬರುತ್ತದೆ. ಇಲಾಖೆಯ ಕೈಪಿಡಿಯಿಂದ ಕೇಶವಯ್ಯ ಇನ್ನೂರ ಹನ್ನೆರಡು ಪ್ರಶ್ನೋತ್ತರಗಳನ್ನು ತಾವೇ ತೆಲುಗಿನಲ್ಲಿ ಟೈಪು ಮಾಡಿಕೊಟ್ಟರು. ಇಲ್ಲಿ ಅವನ್ನು ಕನ್ನಡದಲ್ಲಿ ಕೊಟ್ಟಿದೆ.

“ಕಾಣ್ತದಾ?” ಅಂದರು ಕೇಶವಯ್ಯ.

ಸೀತಾರಾಮಪ್ಪನಿಗೆ ತೆರೆಯ ಮೇಲೆ ಇರುವೆ ಸಾಲು ಕಂಡಿತು. “ಕಾಣದೇನು? ಅಕ್ಷರದ ಮೋಡಿ ಸರಿ ಇಲ್ಲ ಕಣಯ್ಯ.”

“ಮೋಡಿ ಬದಲಾಯ್ಸಾನ. ಇದ್ರಾಗೆ ನಾಕು ಥರ ಅವೆ.”

ಒಂದು ಲಗ್ನಪತ್ರಿಕೆಯ ಅಕ್ಷರ, ಒಂದು ಸಿನಿಮಾ ಪೋಸ್ಟರಿನದು, ಒಂದು ಕೈಬರಹದಂಥದ್ದು, ಒಂದು ಪೇಪರಿನ ತಲೆಬರಹದ್ದು. ಲಗ್ನಪತ್ರಿಕೆಯದರಲ್ಲಿ ಬಳ್ಳಿ ಜಾಸ್ತಿ ಎಂದ. ಸಿನಿಮಾದ್ದು ಸರ್ಕಾರಿ ಪರೀಕ್ಷೆಗೆ ಗೌರವವಲ್ಲ ಎಂದ. ಕೈಬರಹ ಯಾವುದೋ ಡಾಕ್ಟರದಿರಬೇಕು ಎಂದ. ತಲೆಬರಹದ ಅಕ್ಷರ ಒಪ್ಪಿಗೆಯಾಯಿತು.

“ಆದ್ರೆ ಸಲ್ಪ ದಪ್ಪ ಮಾಡು. ತಲೆಬರಹ ಅಂದ್ಮೇಲೆ ತಲೆಬರಹದಂಗೆ ಇರಬೇಕು.”

ಕೇಶವಯ್ಯ ಹದಿನಾಲ್ಕು ಪಾಯಿಂಟನ್ನು ಇಪ್ಪತ್ತು ಮಾಡಿದರು. “ಇನ್ನೊಂಚೂರು.” ಮೂವತ್ತಾರು ಮಾಡಿದರು. “ಇನ್ನೊಂದೇ ಒಂಚೂರು.” ಐವತ್ತನಾಲ್ಕಕ್ಕೆ ಒಂದೊಂದು ಅಕ್ಷರವೂ ನಿಂಬೆಹಣ್ಣಿನಷ್ಟಾಯಿತು.

“ಸೀತಾರಾಮಪ್ಪ, ಕಣ್ಣು...”

“ನಮ್ಮ ಮನೇತನದಾಗೆ ನಾಕು ತಲೆಮಾರಿಂದ...”

“ಆಯ್ತು, ಆಯ್ತು,” ಎಂದು ಕೇಶವಯ್ಯ ಹನ್ನೊಂದು ಟೈಪ್‌ರೈಟರುಗಳ ಕಡೆಗೆ ಓಡಿದರು.

ಇಲ್ಲಿ ಒಂದು ತಾಂತ್ರಿಕ ಸಂಗತಿ ದಾಖಲಿಸಬೇಕು. 1.0ರಲ್ಲಿ ಉತ್ತರಕ್ಕೆ ಇಷ್ಟೇ ಜಾಗ ಎಂದು ಒಂದು ಚೌಕವಿತ್ತು. ಅಕ್ಷರ ದೊಡ್ಡದಾದರೂ ಚೌಕ ದೊಡ್ಡದಾಗುತ್ತಿರಲಿಲ್ಲ. ಅದರಲ್ಲಿ ಹಿಡಿಸದ ವಾಕ್ಯಗಳನ್ನು ಪ್ರೋಗ್ರಾಮು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಹೀಗಾಗಿ ಸೀತಾರಾಮಪ್ಪನಿಗೆ ಪ್ರತಿ ಉತ್ತರದ ಮೊದಲ ಒಂದೋ ಎರಡೋ ವಾಕ್ಯ ಮಾತ್ರ ಕಾಣುತ್ತಿತ್ತು. ಮಿಕ್ಕದ್ದು ಇದೆ ಎಂಬ ಸುಳಿವೂ ಇರಲಿಲ್ಲ. ಹದಿನೆಂಟು ವರ್ಷ ಡಬ್ಬಗಳ ನಡುವೆ ಇದ್ದವನಿಗೆ ಅದರಿಂದ ಏನೂ ಕೊರತೆ ಅನ್ನಿಸಲಿಲ್ಲ. ವಿದ್ಯೆ ಇಷ್ಟು ಚಿಕ್ಕದಾಗಿರುತ್ತದೆಂದು ತನಗೆ ಯಾರೂ ಮೊದಲೇ ಏಕೆ ಹೇಳಲಿಲ್ಲ ಎಂದು ಮಾತ್ರ ಬೇಸರವಾಯಿತು.

ಒಂದು ವಾರಕ್ಕೆ ಅವನು ಮನೆಯಲ್ಲಿ ಪಾಠ ಒಪ್ಪಿಸತೊಡಗಿದ. ಶಿವಲಕ್ಷ್ಮಮ್ಮನ ಜೊತೆ ಸೊಪ್ಪು ಕತ್ತರಿಸಲು ಬರುತ್ತಿದ್ದ ಪಕ್ಕದ ಮನೆಯ ಮುನಿಯಕ್ಕ ಮೊದಲ ಶ್ರೋತೃ. ಹುಳು ಪೊರೆ ಬಿಡಲು ಮೇವು ಬಿಟ್ಟು ತಲೆ ಎತ್ತಿ ನಿಲ್ಲುವುದನ್ನು ಅಲ್ಲಿಯವರು ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಸೀತಾರಾಮಪ್ಪ ಬಾಗಿಲಲ್ಲಿ ನಿಂತು ಹೇಳಿದ:

“ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು.”

“ಹೌದು ಕಣಪ್ಪ. ಆಮೇಲೆ?” ಅಂದಳು ಮುನಿಯಕ್ಕ.

“ಆಮೇಲೆ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ? ಎದ್ದ ಮ್ಯಾಕೆ ಹಾಕಬ್ಯಾಡ್ವಾ?”

“ಕಂಪ್ಯೂಟ್ರು ಹಾಕು ಅಂದಿಲ್ಲ.”

ಮುನಿಯಕ್ಕ ಕುಡುಗೋಲು ಕೆಳಗಿಟ್ಟಳು. “ಲಕ್ಷ್ಮಕ್ಕ, ನಿನ್ನ ಗಂಡ ಹುಳಾನ ಉಪವಾಸ ಸಾಯಿಸ್ತಾನಂತೆ ಕಣಮ್ಮ.”

“ಸುಮ್ನಿರು ಮುನಿಯಕ್ಕ. ಸರ್ಕಾರದೋರು ಹೊಸದಾಗಿ ಏನೋ ಕಂಡುಹಿಡಿದಿರಬೇಕು,” ಎಂದು ಶಿವಲಕ್ಷ್ಮಮ್ಮ ಸೊಪ್ಪು ಹಾಕುವುದನ್ನು ಮುಂದುವರಿಸಿದಳು. ಗಂಡನ ಇಲಾಖೆ ಹೇಳಿದ್ದನ್ನು ಕೇಳಿಸಿಕೊಂಡು, ತನಗೆ ತಿಳಿದದ್ದನ್ನು ಮಾಡುವುದು ಅವಳ ಇಪ್ಪತ್ತು ವರ್ಷದ ಪದ್ಧತಿ.

ಆಗಸ್ಟ್ ಎರಡನೇ ವಾರ ಇನ್ನೂರ ಹನ್ನೆರಡು ಚೀಟಿಗಳಿಗೂ ಸೀತಾರಾಮಪ್ಪ ‘ಗೊತ್ತು’ ಎಂದು ಒತ್ತಿ ಮುಗಿಸಿದ. ಮರುದಿನ ಹೋಗಿ ಕೂತರೆ ನಿಂಬೆಹಣ್ಣಿನಂಥ ಅಕ್ಷರದಲ್ಲಿ ಒಂದೇ ಸಾಲು: ‘ಇಂದು ನಿಮಗೆ ಕಲಿಯಲು ಏನೂ ಉಳಿದಿಲ್ಲ.’ ಅವನು ಕೇಶವಯ್ಯನವರನ್ನು ಕರೆದು ತೋರಿಸಿದ. ಕೇಶವಯ್ಯ ಟೈಪಿಂಗ್ ಕಲಿಯುತ್ತಿದ್ದವರನ್ನೆಲ್ಲ ಕರೆದು ತೋರಿಸಿದರು. ಸಂಜೆ ಇನ್‌ಸ್ಟಿಟ್ಯೂಟಿನ ಕರಿಹಲಗೆಯ ಮೇಲೆ ‘ನಮ್ಮ ಅಭ್ಯರ್ಥಿಗೆ ಕಲಿಸಲು ಕಂಪ್ಯೂಟರಿನಲ್ಲಿ ಏನೂ ಉಳಿದಿಲ್ಲ’ ಎಂಬ ಬರಹ ಕಾಣಿಸಿಕೊಂಡಿತು. ಎರಡು ದಿನದಲ್ಲಿ ಗೂಡಿನ ಮಾರುಕಟ್ಟೆಯವರೆಗೆ ಸುದ್ದಿ ಹೋಗಿ, ಕಂಪ್ಯೂಟರು ಸೋತು ಕೈಮುಗಿಯಿತು ಎಂಬಲ್ಲಿಗೆ ನಿಂತಿತು.

ನಂಬದವನು ಗಿರಿಯಪ್ಪ ಒಬ್ಬನೇ. “ಭಾವಾ, ಅಷ್ಟೂ ನೀನೇ ಓದಿದ್ಯಾ? ಈ ಕಣ್ಣಾಗೆ?”

“ಇನ್ಯಾರ ಕಣ್ಣಾಗೆ ಓದ್ಲಿ, ನಿನ್ನವು ನಾಕೂ ಬಿಜಿ ಇದ್ವು,” ಅಂದ ಸೀತಾರಾಮಪ್ಪ. ಗಿರಿಯಪ್ಪ ಕನ್ನಡಕ ಒರೆಸಿಕೊಂಡು ಹೋದ.

ಸುದ್ದಿ ಪರಿಗಿಯ ಬೈಲಪ್ಪನಿಗೂ ಮುಟ್ಟಿತು. ಬೈಲಪ್ಪ ಅದುವರೆಗೆ ಕಡಲೆಕಾಯಿ ಬೆಳೆಯುತ್ತಿದ್ದವನು. ಆ ವರ್ಷ ಮೊದಲ ಸಲ ಹುಳು ಸಾಕಲು ಹೊರಟಿದ್ದ. ಬೇರೆ ಹುಳುಮನೆ ಇಲ್ಲದ್ದರಿಂದ ಇದ್ದ ಮನೆಯಲ್ಲೇ ಸಾಕುವ ಯೋಚನೆ. ಫಾರ್ಮಲಿನ್ ತೆಗೆದುಕೊಳ್ಳಲು ಸ್ಟೋರಿಗೆ ಬಂದವನು, ಮನೆ ಶುದ್ಧಿ ಮಾಡುವುದು ಹೇಗೆ ಎಂದು ಕೇಳಿದ. ಅದು ಎಪ್ಪತ್ತೊಂದನೇ ಚೀಟಿ.

“ಔಷಧಿ ಹೊಡೆದು ಬಾಗಿಲು ಕಿಟಕಿ ಮುಚ್ಚಬೇಕು. ಒಳಗೆ ಯಾರೂ ಇರಬಾರದು,” ಎಂದ ಸೀತಾರಾಮಪ್ಪ, ಒಂದಕ್ಷರವೂ ತಪ್ಪದೆ.

ಬೈಲಪ್ಪ ಹೇಳಿದಂತೆ ಮಾಡಿದ.

ನಾಲ್ಕನೇ ದಿನ ಬೆಳಿಗ್ಗೆ ಅವನು ಮತ್ತೆ ಸ್ಟೋರಿಗೆ ಬಂದ. ಜೊತೆಗೆ ಹೆಂಡತಿ, ಅತ್ತೆ, ಒಂದು ಹಾಸಿಗೆ ಸುರುಳಿ, ಒಂದು ಹುಂಜ.

“ಸಾಮಿ, ಒಳಕ್ಕೆ ಯಾವಾಗ ಹೋಗಾನ?”

“ಎಲ್ಲಿ ಒಳಕ್ಕೆ?”

“ನಮ್ಮ ಮನೆ ಒಳಕ್ಕೆ. ಬಾಗಿಲು ಹಾಕಿ ನಾಕು ದಿನ ಆಯ್ತು. ಜಗಲಿ ಮ್ಯಾಲೆ ಮಲಗ್ತಾ ಇದೀವಿ. ಅನ್ನ ಬೇಯ್ಸೋ ಪಾತ್ರೆ ಒಳಗವೆ.”

ಸೀತಾರಾಮಪ್ಪ ಕಣ್ಣು ಮುಚ್ಚಿ ಎಪ್ಪತ್ತೊಂದನೇ ಚೀಟಿಯನ್ನು ನೆನಪಿಗೆ ತಂದುಕೊಂಡ. ಅದರಲ್ಲಿ ಒಳಗೆ ಹೋಗುವ ವಿಷಯವೇ ಇರಲಿಲ್ಲ.

“ಆರ್ಡರ್ ಬಂದಿಲ್ಲ,” ಅಂದ.

“ಯಾವ ಆರ್ಡ್ರು?”

“ಒಳಗೆ ಹೋಗೋದು.”

ಬೈಲಪ್ಪನ ಅತ್ತೆ ನರಸಕ್ಕನಿಗೆ ಎಪ್ಪತ್ತು ವರ್ಷ. ಆಕೆ ಹಾಸಿಗೆ ಸುರುಳಿಯ ಮೇಲೆ ಕೂತು, ತೆಲುಗು ಕನ್ನಡ ಎರಡನ್ನೂ ಬಳಸಿ ಕೇಳಿದರು: “ಇದೇಮಿ ನ್ಯಾಯಂ ನಾಯನಾ? ಹೊರಗೆ ಹೋಗು ಅಂದೋನು ಒಳಗೆ ಬಾ ಅನ್ನಬ್ಯಾಡ್ವಾ? ನಾಯಿಗಾದ್ರೂ ಅಂತಾರೆ ಕಣಪ್ಪ.”

ಸ್ಟೋರಿನ ಮುಂದೆ ಜನ ಸೇರಿದರು. ಬೈಲಪ್ಪನಿಗೆ ಒಳಗೆ ಹೋಗಲು ಅಪ್ಪಣೆ ಕೊಡಬೇಕೆಂದು ಕೆಲವರು, ಕಂಪ್ಯೂಟರು ಹೇಳದೆ ಒಳಗೆ ಕಾಲಿಟ್ಟರೆ ಕಣ್ಣು ಹೋಗುತ್ತದೆಂದು ಕೆಲವರು. ಕೊನೆಗೆ ಸೀತಾರಾಮಪ್ಪ, ಬೈಲಪ್ಪ, ನರಸಕ್ಕ, ಹುಂಜ, ಜೊತೆಗೆ ಹದಿನೈದು ಜನ ಕೇಶವಯ್ಯನ ಇನ್‌ಸ್ಟಿಟ್ಯೂಟಿಗೆ ನಡೆದರು. ಹಸಿರು ಪರದೆಯ ಹೊರಗೆ ಹದಿನೆಂಟು ಜೊತೆ ಚಪ್ಪಲಿ ಬಿದ್ದವು.

ಕೇಶವಯ್ಯ ಎಪ್ಪತ್ತೊಂದನೇ ಚೀಟಿ ತೆಗೆದರು. ‘ಒಳಗೆ ಯಾರೂ ಇರಬಾರದು’ ಎಂಬಲ್ಲಿಗೆ ಉತ್ತರ ಮುಗಿದಿತ್ತು. ಕೇಶವಯ್ಯನ ಮುಖ ಸಪ್ಪೆಯಾಯಿತು. ಅವರು ತಾವೇ ಟೈಪು ಮಾಡಿದ್ದು ನಾಲ್ಕು ವಾಕ್ಯ ಎಂದು ಅವರಿಗೆ ನೆನಪಿತ್ತು. ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿಗೆ ಫೋನು ಮಾಡಿದರು. ಪ್ರೋಗ್ರಾಮು ಬರೆದವನ ದನಿ ಬೂತಿನ ಹೊರಗೂ ಕೇಳಿಸಿತು.

“ಸೈಜ್ ಎಷ್ಟಿಟ್ಟಿದೀರಿ ಸಾರ್?”

“ಐವತ್ತನಾಲ್ಕು.”

“ಯಾರಿಗೆ ಸಾರ್? ರಸ್ತೆಗೆ ಬೋರ್ಡ್ ಹಾಕ್ತಿದೀರಾ? ಮೂವತ್ತಾರರ ಮೇಲೆ ಹೋದ್ರೆ ಮಿಕ್ಕಿದ್ದು ಕಾಣಲ್ಲ. ಹೊಸ ವರ್ಷನ್ನಲ್ಲಿ ಸರಿಮಾಡಿದೀನಿ, 1.1. ಫ್ಲಾಪೀಲಿ ಹಾಕಿ ಬಸ್ ಕಂಡಕ್ಟರ್ ಕೈಲಿ ಕಳಿಸ್ತೀನಿ.”

ಬೂತಿನಿಂದ ಹೊರಬಂದ ಕೇಶವಯ್ಯ ಜನರಿಗೆ ಒಂದೇ ಮಾತು ಹೇಳಿದರು: ಇಪ್ಪತ್ತನಾಲ್ಕು ಗಂಟೆ ಆದಮೇಲೆ ಬಾಗಿಲು ಕಿಟಕಿ ತೆಗೆದು, ಗಾಳಿ ಆಡಿದ ಮೇಲೆ ಒಳಗೆ ಹೋಗಬಹುದು. ನರಸಕ್ಕ ಎದ್ದು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡರು. “ಮೂರು ದಿನದ ಹಿಂದೆ ಹೇಳಿದ್ರೆ ನಿಮ್ಮ ಗಂಟೇನು ಹೋಯ್ತಿತ್ತು ನಾಯನಾ,” ಎಂದು ಮಗಳನ್ನೂ ಅಳಿಯನನ್ನೂ ಹೊರಡಿಸಿಕೊಂಡು ಪರಿಗಿಯ ಬಸ್ಸಿಗೆ ಹೋದರು.

ಫ್ಲಾಪಿ ಬಂದದ್ದು ಸೆಪ್ಟೆಂಬರ್ 12ರಂದು. ಕಂಡಕ್ಟರು ಅದನ್ನು ಟಿಕೆಟ್ ಚೀಲದಲ್ಲಿ, ಎಲೆ ಅಡಿಕೆಯ ಪೊಟ್ಟಣದ ಪಕ್ಕದಲ್ಲಿ ಇಟ್ಟುಕೊಂಡು ತಂದಿದ್ದ. ಪರೀಕ್ಷೆಗೆ ಆರು ದಿನವಿತ್ತು. ಕೇಶವಯ್ಯ ಫ್ಲಾಪಿಯನ್ನು ಒಳಗೆ ತಳ್ಳಿ, ಹಳೆಯದರ ಮೇಲೆ ಹೊಸದನ್ನು ಹಾಕಿದರು. ಕಂಪ್ಯೂಟರು ಗರಗರ ಅಂದು ತೆರೆ ಬಿಚ್ಚಿತು.

ಹೊಸ ಆವೃತ್ತಿಯಲ್ಲಿ ಮೂರು ಬದಲಾವಣೆಗಳಿದ್ದವು. ಮೊದಲನೆಯದು, ಅಕ್ಷರ ಮತ್ತೆ ಹದಿನಾಲ್ಕಕ್ಕೆ ಇಳಿದು ಇರುವೆ ಸಾಲು ಮರಳಿತ್ತು. ಅದನ್ನು ಕೇಶವಯ್ಯ ಐವತ್ತನಾಲ್ಕಕ್ಕೆ ಏರಿಸಿದರು. ಆಗ ಎರಡನೆಯದು ಕಂಡಿತು: ಚೀಟಿಯ ಮೂಲೆಯಲ್ಲಿ ‘ಪುಟ 1, ಒಟ್ಟು 5’ ಎಂದಿತ್ತು. ಮುಂದಿನ ಚೀಟಿಯಲ್ಲಿ ಒಟ್ಟು ನಾಲ್ಕು, ಅದರ ಮುಂದಿನದರಲ್ಲಿ ಆರು. ಸೀತಾರಾಮಪ್ಪ ಎಷ್ಟು ಗುಂಡಿ ಒತ್ತಿದರೂ ವಿದ್ಯೆ ಮುಗಿಯಲೊಲ್ಲದು. ಮೂರನೆಯದು ತೆರೆಯ ತಳದಲ್ಲಿತ್ತು: ‘ಕಲಿತದ್ದು: 0. ಕಲಿಯಬೇಕಾದದ್ದು: 212.’

“ಸೊನ್ನೆ?” ಅಂದ ಸೀತಾರಾಮಪ್ಪ. “ಎರಡು ತಿಂಗಳು ಓದಿದ್ನಲ್ಲಯ್ಯ.”

“ಹಳೇ ಲೆಕ್ಕ ಹೊಸದಕ್ಕೆ ಬರಾಕಿಲ್ಲ ಅಂತ ಕಾಣ್ತದೆ,” ಅಂದರು ಕೇಶವಯ್ಯ.

“ನಾನ್ ಓದಿದ್ದು ಎಲ್ಲಿಗೋಯ್ತು ಹಂಗಾದ್ರೆ?”

ಕೇಶವಯ್ಯ ಹೊರಗೆ ಹೋಗಿ ಕರಿಹಲಗೆಯನ್ನು ಒರೆಸಿದರು.

ಆರು ದಿನದಲ್ಲಿ, ಕರೆಂಟು ಇದ್ದ ಗಂಟೆಗಳಲ್ಲಿ, ಸೀತಾರಾಮಪ್ಪ ಕೊನೆಯ ಪುಟದವರೆಗೆ ಓದಿ ಮುಗಿಸಿದ್ದು ಮೂವತ್ತೊಂದು ಚೀಟಿ. ಮಿಕ್ಕ ನೂರ ಎಂಬತ್ತೊಂದರಲ್ಲಿ ಅವನ ಜ್ಞಾನ ಮೊದಲ ಪುಟಕ್ಕೇ ನಿಂತಿತ್ತು. ಮನೆಯಲ್ಲಿ ಈ ಅಂಕಿ ಅಂಶವನ್ನು ಅವನು ಬಿಡುಗಡೆ ಮಾಡಲಿಲ್ಲ.

ಸೆಪ್ಟೆಂಬರ್ 18ರ ಬೆಳಿಗ್ಗೆ ಶಿವಲಕ್ಷ್ಮಮ್ಮ ಮೊಸರನ್ನ ಕಟ್ಟಿಕೊಟ್ಟಳು. “ಪಾಸಾಗಿ ಬಾ. ಇಲ್ಲಾಂದ್ರೆ ಅಲ್ಲೇ ರೂಮು ನೋಡ್ಕಂಡು ಬಾ. ಎಲ್ಡು ಸಲ ಬಸ್ ಛಾರ್ಜು ಯಾಕೆ.” ಮಡಕಶಿರ, ಪಾವಗಡ ದಾಟಿ ಬಸ್ಸು ಹತ್ತೂವರೆಗೆ ಕಲ್ಯಾಣದುರ್ಗ ಸೇರಿತು. ಇಳಿದವನಿಗೆ ಮೊದಲು ಕಂಡದ್ದು ಸಾಲಾಗಿ ಮೂರು ಹೋಟೆಲು. ಬೋರ್ಡು ಓದುವ ಮೊದಲೇ ಸೋಡಾದ ವಾಸನೆ ಬಂತು.

ಪರೀಕ್ಷೆ ಬರವಣಿಗೆಯದಲ್ಲ, ಬಾಯಿ ಮಾತಿನದು ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಪರೀಕ್ಷಕರು ಮುತ್ಯಾಲಪ್ಪ ಎಂಬ ಅಧಿಕಾರಿ. ಮೂರು ವರ್ಷದ ಹಿಂದೆ ಯಾವುದೋ ದೊಡ್ಡ ತರಬೇತಿಗೆ ಹೋಗಿ ಅವರು ಒಂದು ತತ್ತ್ವ ತಂದಿದ್ದರು: ಇಲಾಖೆಯವನು ಕಡಿಮೆ ಮಾತಾಡಬೇಕು, ರೈತ ಹೆಚ್ಚು ಮಾತಾಡಬೇಕು. ಇಲಾಖೆಯಲ್ಲಿ ಕಡಿಮೆ ಮಾತಾಡುವವನನ್ನು ಅವರು ಮೂರು ವರ್ಷದಿಂದ ಹುಡುಕುತ್ತಿದ್ದರು. ಅಭ್ಯರ್ಥಿಗಳು ಪಾಠ ಹೇಳಲು ಎದುರಿಗೆ ನಿಜವಾದ ರೈತರೇ ಇರಲಿ ಎಂದು ಕಲ್ಯಾಣದುರ್ಗದ ಪಕ್ಕದ ಹಳ್ಳಿಯಿಂದ ಎರ್ರಮ್ಮ ಎಂಬಾಕೆಯನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದ್ದರು. ಎರ್ರಮ್ಮ ಹದಿನೈದು ವರ್ಷದಿಂದ ಹುಳು ಸಾಕುತ್ತಿದ್ದವಳು. ಬೆಳಿಗ್ಗೆಯಿಂದ ಎಂಟು ಸ್ಟೋರ್‌ಕೀಪರುಗಳು ತಲಾ ಇಪ್ಪತ್ತು ನಿಮಿಷದಂತೆ ಅವಳಿಗೆ ಹುಳು ಸಾಕುವುದನ್ನು ಕಲಿಸಿದ್ದರು. ಒಂಬತ್ತನೆಯವನು ಸೀತಾರಾಮಪ್ಪ.

“ಈಯಮ್ಮನ ಹುಳು ಹಣ್ಣಾಗಿದೆ. ಏನು ಹೇಳ್ತೀರಿ?” ಅಂದರು ಮುತ್ಯಾಲಪ್ಪ. ಗೂಡು ಕಟ್ಟಲು ಬಲಿತ ಹುಳುವಿಗೆ ಹಣ್ಣು ಎನ್ನುತ್ತಾರೆ, ಅದು ಗೂಡು ಕಟ್ಟುವ ಬಿದಿರಿನ ತಡಿಕೆಗೆ ಚಂದ್ರಿಕೆ. ನೂರ ನಲವತ್ತನೇ ಚೀಟಿ. ಓದಿದ ಮೂವತ್ತೊಂದರಲ್ಲಿ ಅದು ಇರಲಿಲ್ಲ.

“ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು,” ಅಂದ ಸೀತಾರಾಮಪ್ಪ. ಅಷ್ಟೇ. ಅವನ ಮನಸ್ಸಿನ ತೆರೆಯ ಮೇಲೆ ‘ಪುಟ 1, ಒಟ್ಟು 5’ ಎಂದು ಕಾಣುತ್ತಿತ್ತು. ಮಿಕ್ಕ ನಾಲ್ಕು ಪುಟ ಬಂದಾವೋ ಎಂದು ಅವನು ಮಿಸುಕದೆ ಕಾದ. ಫ್ಯಾನು ತಿರುಗಿತು. ಮುತ್ಯಾಲಪ್ಪ ಪೆನ್ಸಿಲು ಎತ್ತಿದವರು ಎತ್ತಿದಂತೆಯೇ ಇದ್ದರು.

ಎರ್ರಮ್ಮನಿಗೆ ತಡೆಯಲಾಗಲಿಲ್ಲ. “ಅಷ್ಟೇನಾ? ಒಂದು ಚಂದ್ರಿಕೆಗೆ ಎಷ್ಟು ಹುಳ?”

“ನೀವೇ ಹೇಳಿ ಅಮ್ಮಾ,” ಅಂದ ಸೀತಾರಾಮಪ್ಪ. ಅದು ಪ್ರಾಮಾಣಿಕ ಬೇಡಿಕೆಯಾಗಿತ್ತು.

“ನಾನ್ ಹೇಳಾದಾ?” ಎರ್ರಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಂದಳು. ಬೆಳಿಗ್ಗೆಯಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. “ಸಾವಿರದ ಮ್ಯಾಲೆ ಬುಟ್ರೆ ಒಂದ್ರ ಮ್ಯಾಲೊಂದು ಬಿದ್ದು ಜೋಡಿಗೂಡು ಕಟ್ತಾವೆ ಸಾಮಿ. ಬಿಸಿಲಿಗೆ ಇಡಬಾರದು. ಗಾಳಿ ಆಡೋ ಕಡೆ ಓರೆಯಾಗಿ ನಿಲ್ಲಿಸಬೇಕು, ಉಚ್ಚೆ ಕೆಳಕ್ಕೆ ಇಳಿಯಂಗೆ. ಐದು ದಿನ ಬುಟ್ಟು ಗೂಡು ಬಿಡಿಸೋದು. ಮುಂಚೆ ಬಿಡಿಸಿದ್ರೆ ಒಳಗೆ ಹುಳ ಹಸಿ ಇರ್ತದೆ.”

“ಹೌದಾ,” ಅಂದ ಸೀತಾರಾಮಪ್ಪ, ನಿಜವಾದ ಆಸಕ್ತಿಯಿಂದ. “ಹುಳುವಿನ ಮೇಲೆ ಊಜಿ ನೊಣ ಕೂರದಂತೆ ಬಾಗಿಲು ಕಿಟಕಿಗೆ ಜಾಲರಿ ಕಟ್ಟಬೇಕು.” ಅದೂ ಒಂದನೇ ಪುಟವೇ.

“ಬರೀ ಜಾಲರಿ ಕಟ್ಟಿದ್ರೆ ಬಂತಾ?” ಎಂದು ಎರ್ರಮ್ಮ ಎದ್ದೇ ನಿಂತಳು. ಮುಂದಿನ ಇಪ್ಪತ್ತು ನಿಮಿಷ ಅವಳು ಮಾತಾಡಿದಳು. ಸೀತಾರಾಮಪ್ಪ ಆಗಾಗ ಒಂದು ಮೊದಲ ವಾಕ್ಯ ಕೊಟ್ಟು ತಲೆದೂಗಿದ. ಎಂಟು ಸ್ಟೋರ್‌ಕೀಪರುಗಳು ಅವನು ಮುಳುಗುವುದನ್ನು ನೋಡಿ ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು.

ನಾಲ್ಕು ಗಂಟೆಗೆ ಮುತ್ಯಾಲಪ್ಪ ಫಲಿತಾಂಶ ಓದಿದರು. “ಮೂರು ವರ್ಷದಿಂದ ನಾನು ಹೇಳ್ತಿದ್ದುದನ್ನ ಇವತ್ತು ಒಬ್ಬ ಮಾಡಿ ತೋರಿಸಿದ. ಒಂದು ಮಾತು ಹೇಳಿ, ಸುಮ್ನಾಗಿ, ರೈತರ ಬಾಯಿಂದಲೇ ಮಿಕ್ಕಿದ್ದು ತೆಗೆಸೋದು. ಸೀತಾರಾಮಪ್ಪ, ಮೊದಲ ಸ್ಥಾನ. ನಿಮ್ಮನ್ನ ಕಲ್ಯಾಣದುರ್ಗಕ್ಕೆ ಹಾಕ್ತಿದೀನಿ. ಇಲ್ಲಿ ಈ ವಿದ್ಯೆ ಬೇಕು.”

ಸೀತಾರಾಮಪ್ಪ ಸರ್ಕ್ಯುಲರನ್ನು ನೆನಪಿಸಿದ. “ಸಾರ್, ಪಾಸಾದವರು ಇದ್ದಲ್ಲೇ ಇರಬಹುದು ಅಂತ ಸರ್ಕ್ಯುಲರ್‌ನಾಗೆ...”

“ಮೊದಲನೇ ಪುಟದಲ್ಲಿ. ಮೊದಲ ಸ್ಥಾನ ಬಂದವರನ್ನ ಅವಶ್ಯ ಇರೋ ಕಡೆ ಹಾಕೋದು ಅಂತ ಎರಡನೇ ಪುಟದಲ್ಲಿದೆ. ಓದಿಲ್ವಾ?”

ಐದು ಸಾವಿರದ ನೂರ ಹದಿನಾಲ್ಕು ಊಟಗಳು ಸೀತಾರಾಮಪ್ಪನ ಕಣ್ಣ ಮುಂದೆ ಸಾಲಾಗಿ ನಿಂತವು. ಆ ದೂರಕ್ಕೆ ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ನಾಲ್ಕು ತಲೆಮಾರಿನ ಮಾನ ಒಂದು ಕಡೆ, ಶಿವಲಕ್ಷ್ಮಮ್ಮನ ಕೈಯ ಮುದ್ದೆ ಸಾರು ಇನ್ನೊಂದು ಕಡೆ. ಮುದ್ದೆ ಗೆದ್ದಿತು.

“ಸಾರ್, ಅದು ವಿದ್ಯೆ ಅಲ್ಲ. ನನಗೆ ಮಿಕ್ಕಿದ್ದು ಗೊತ್ತಿರ್ಲಿಲ್ಲ.”

“ಇದು ನೋಡಿ ವಿನಯ,” ಅಂದರು ಮುತ್ಯಾಲಪ್ಪ ಎಂಟು ಜನರ ಕಡೆ ತಿರುಗಿ.

“ವಿನಯ ಅಲ್ಲ ಸಾರ್. ಕಣ್ಣು. ನನಗೆ ಕಣ್ಣು ಕಾಣಲ್ಲ. ದಪ್ಪ ಅಕ್ಷರ ಇಟ್ಕಂಡು ಓದ್ದೆ, ಮೊದಲನೇ ಸಾಲು ಬಿಟ್ಟು ಏನೂ ಕಾಣಲಿಲ್ಲ. ಹೊಸ ಫ್ಲಾಪಿ ಬರೋ ಹೊತ್ತಿಗೆ ಆರೇ ದಿನ ಇತ್ತು.”

ಮುತ್ಯಾಲಪ್ಪ ನಂಬಲಿಲ್ಲ. ಮೇಜಿನ ಮೇಲಿದ್ದ ಆರ್ಡರನ್ನು ಅವನ ಕೈಗೆ ಕೊಟ್ಟು ಓದಿ ಅಂದರು. ಸೀತಾರಾಮಪ್ಪ ಅದನ್ನು ತೋಳಿನಷ್ಟು ದೂರ ಹಿಡಿದ, ಸಾಲದೆ ಎದ್ದು ಕಿಟಕಿಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದ. ಅಲ್ಲಿಂದ ‘ಆಂಧ್ರ ಪ್ರದೇಶ ಸರ್ಕಾರ’ ಎಂದು ಓದಿ ನಿಲ್ಲಿಸಿದ.

ಎಂಟು ಜನ ನಗುವ ಮೊದಲೇ ಎರ್ರಮ್ಮ ಹೇಳಿದಳು: “ಸಾಮಿ, ನಮ್ಮೂರಿಗೆ ಅರ್ಧ ಮನುಷ್ಯನ್ನ ಕಳಿಸಬ್ಯಾಡಿ. ಮಿಕ್ಕಿದ್ದರ್ಧ ದಿನಾ ನಾನೇ ಹೇಳಬೇಕಾಯ್ತದೆ. ನನಗೂ ಹುಳ ಅವೆ.”

ಮುತ್ಯಾಲಪ್ಪ ಪೆನ್ಸಿಲು ತಿರುಗಿಸಿದರು. ಮೂರು ವರ್ಷ ಹುಡುಕಿ ಕಂಡುಕೊಂಡ ಮನುಷ್ಯನನ್ನು ಒಂದು ನಿಮಿಷದಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. “ಮತ್ತೆ ಹಿಂದೂಪುರದಲ್ಲಿ ಯಾರಾದರೂ ಕೇಳಿದರೆ? ಮಿಕ್ಕಿದ್ದು ಅಲ್ಲಿ ಯಾರು ಹೇಳ್ತಾರೆ?”

“ಮನೇಲಿ ನಮ್ಮಾಕೆ ಇದಾಳೆ ಸಾರ್. ಇಪ್ಪತ್ತು ವರ್ಷದಿಂದ ಸಾಕ್ತಾಳೆ. ಅವಳಿಗೆ ಎಲ್ಲಾ ಪುಟ ಗೊತ್ತು.”

“ಹೆಸರು?” ಅಂದರು ಮುತ್ಯಾಲಪ್ಪ. ಸೀತಾರಾಮಪ್ಪ ಹೇಳಿದ. ಅವರು ಬರೆದುಕೊಂಡರು.

ಮರುದಿನವೇ ಸೀತಾರಾಮಪ್ಪ ಕನ್ನಡಕ ಮಾಡಿಸಲು ಕೊಟ್ಟ. ನಾಲ್ಕನೇ ದಿನ ಹಾಕಿಕೊಂಡು ಮನೆಗೆ ಬಂದರೆ ಜಗಲಿಯ ಮೇಲೆ ಗಿರಿಯಪ್ಪ ಕೂತಿದ್ದ. ಆರು ವರ್ಷ ಕಾದವನು. ತುಟಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ಅವನು ಎದ್ದು ಬಂದು, ಬಾಗಿ, ಭಾವನ ಮುಖವನ್ನು ಹತ್ತಿರದಿಂದ ನೋಡಿದ.

“ಫ್ರೇಮು ಚೆನ್ನಾಗದೆ. ಯಾವ ಅಂಗ್ಡೀದು?” ಅಂದ.

ಆರ್ಡರು ಬಂದದ್ದು ಅಕ್ಟೋಬರ್ ಮೊದಲ ವಾರ. ಸೀತಾರಾಮಪ್ಪ ಜಗಲಿಯಲ್ಲಿ ಕೂತು, ಯಾರ ಸಹಾಯವೂ ಇಲ್ಲದೆ, ಕೊನೆಯ ಸಾಲಿನ ಸಹಿಯವರೆಗೂ ಗಟ್ಟಿಯಾಗಿ ಓದಿದ. ಸೀತಾರಾಮಪ್ಪ ಹಿಂದೂಪುರದ ಸ್ಟೋರಿನಲ್ಲೇ ಮುಂದುವರಿಯತಕ್ಕದ್ದು. ಅವರ ಪತ್ನಿ ಶ್ರೀಮತಿ ಶಿವಲಕ್ಷ್ಮಮ್ಮನವರು, ಮಾದರಿ ಸಾಕಣೆದಾರರಾಗಿ, ಅಕ್ಟೋಬರ್ 13ರಿಂದ ಹತ್ತು ದಿನ ಕಲ್ಯಾಣದುರ್ಗದ ಶಿಬಿರದಲ್ಲಿ ಇಲಾಖೆಯ ನೌಕರರಿಗೆ ಪಾಠ ಹೇಳತಕ್ಕದ್ದು.

“ನಾನಾ?” ಅಂದಳು ಶಿವಲಕ್ಷ್ಮಮ್ಮ, ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ. “ನನ್ನ ಹುಳ?”

“ನಾನಿದೀನಲ್ಲ,” ಅಂದ ಸೀತಾರಾಮಪ್ಪ.

ಶಿವಲಕ್ಷ್ಮಮ್ಮನೂ ಮುನಿಯಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುನಿಯಕ್ಕ ತನಗೆ ಅದೇ ವಾರ ಚಿಲಮತ್ತೂರಿನಲ್ಲಿ ನಾದಿನಿಯ ಮಗಳ ಸೀಮಂತವಿದೆ ಎಂದು ತಕ್ಷಣ ತಿಳಿಸಿದಳು.

ಹದಿಮೂರನೇ ತಾರೀಕು ಬೆಳಿಗ್ಗೆ ಆರೂವರೆಗೆ ಕಲ್ಯಾಣದುರ್ಗದ ಬಸ್ಸು ನಿಂತಿತ್ತು. ಶಿವಲಕ್ಷ್ಮಮ್ಮ ಹೊಸ ಸೀರೆಯುಟ್ಟು ಕಿಟಕಿಯ ಪಕ್ಕ ಕೂತಿದ್ದಳು. ಹಿಂದಿನ ದಿನವೆಲ್ಲ ಹೇಳಿದ್ದನ್ನು ಅವಳು ಮತ್ತೊಮ್ಮೆ ಮೊದಲಿನಿಂದ ಹೇಳುತ್ತಿದ್ದಳು. ಸೀತಾರಾಮಪ್ಪ ಕೆಳಗೆ ನಿಂತು ಬೆರಳು ಮಡಿಸಿ ಲೆಕ್ಕ ಇಡುತ್ತಿದ್ದ.

“ಮೂಲೆ ತಟ್ಟೆಯವು ನಾಳಿಕ್ಕೆ ಜ್ವರಕ್ಕೆ ಕೂತ್ಕತಾವೆ. ಸುಣ್ಣ ಎರಚು. ಸೊಪ್ಪು ಹಾಕಬ್ಯಾಡ. ಎದ್ದ ಮ್ಯಾಲೆ ಹಾಕು.”

“ಗೊತ್ತು.”

“ಗೊತ್ತು ಅನ್ನಬ್ಯಾಡ, ಕೇಳು. ಆ ಒಂದು ತಟ್ಟೆಗೆ ಮಾತ್ರ ಬ್ಯಾರೆ ಥರ ಮಾಡಬೇಕು, ನಿನ್ನೆ ಹೇಳಾದು ಮರ್ತೆ. ಎದ್ದ ಮ್ಯಾಲೆ ಮೊದಲ್ನೇ ಸೊಪ್ಪು ಹಾಕಾಕೆ ಮುಂಚೆ ನೆಪ್ಪಿಟ್ಕಂಡು...”

“ರೈಟ್, ಪೋನೀ,” ಎಂದು ಕಂಡಕ್ಟರು ಬಾಗಿಲು ಬಡಿದ.

ಬಸ್ಸು ಹೊರಟಿತು. ಸೀತಾರಾಮಪ್ಪ ಕನ್ನಡಕವನ್ನು ಒಂದು ಕೈಯಲ್ಲಿ ಒತ್ತಿಹಿಡಿದು ಬಸ್ಸಿನ ಹಿಂದೆ ಓಡಿದ. ಕಿಟಕಿಯಿಂದ ಶಿವಲಕ್ಷ್ಮಮ್ಮ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು. ಹಾರನ್ನಿನಲ್ಲಿ ಮಾತು ಕೇಳಲಿಲ್ಲ. ಅವಳು ಕೈ ಎತ್ತಿ ಬೆರಳು ತೋರಿಸಿದಳು. ಕನ್ನಡಕದ ಮೇಲಿಂದ ನೋಡಿದ ಅವನಿಗೆ ಅಷ್ಟು ದೂರದಿಂದಲೂ ಒಂದೊಂದು ಬೆರಳೂ ಚೊಕ್ಕಟವಾಗಿ ಕಂಡಿತು. ಮೂರು ಬೆರಳು, ಅನುಮಾನವೇ ಇಲ್ಲ.

ಮೂರು ಏನು ಎಂಬುದು ಬಸ್ಸಿನ ಜೊತೆ ಮಡಕಶಿರದ ಕಡೆಗೆ ಹೊರಟುಹೋಯಿತು.